ಸುಯಿಮಂಗಾ ಸೂರಕ್ಕಿ: ಹೂವಿನ ಎದುರು ಕೂತು ನೋಡುವ ಬಗೆ

ಸ್ನೇಹಿತರೇ,

ಮಡಗಾಸ್ಕರಿಗೆ ಹೋದವರು ಲೆಮೂರ್ ಎಂಬ ಮರವಾಸಿ ಪ್ರಾಣಿಯನ್ನು ಹುಡುಕಿಕೊಂಡು ಕಾಡು ಹೊಗುತ್ತಾರೆ. ಅಲ್ಲಿನದೇ ಪುಟ್ಟ ಹಕ್ಕಿ ಸುಯಿಮಂಗಾ ಸೂರಕ್ಕಿಯನ್ನು ನೋಡಲು ಅಷ್ಟು ದೂರ ಬೇಡ. ದಾಸವಾಳವೋ ಲೋಳೆಸರವೋ ಹೂಬಿಟ್ಟ ಕೈತೋಟ ಸಾಕು. ಉದ್ದ ಸುಮಾರು 10 ಸೆಂಟಿಮೀಟರ್. 1788ರಲ್ಲಿ ಜರ್ಮನ್ ನಿಸರ್ಗವಿಜ್ಞಾನಿ ಗ್ಮೆಲಿನ್ ವರ್ಣಿಸಿದ ಈ ಹಕ್ಕಿಯ ಈಗಿನ ವೈಜ್ಞಾನಿಕ ಹೆಸರು ಸಿನ್ನಿರಿಸ್ ಸೋವಿಮಂಗಾ. ನಮ್ಮ ತೋಟಗಳಲ್ಲಿ ಮೈಯೆಲ್ಲ ಕಡುನೇರಳೆಯಾಗಿ ಹೊಳೆಯುವ ಸೂರಕ್ಕಿಯೂ ಇದೇ ಕುಲದ್ದು. ಅದನ್ನು ನೋಡಿ ಪಳಗಿದ ಕಣ್ಣಿಗೆ ಇದು ಹೊಸದೆನಿಸದು.

ಹಕ್ಕಿಯ ಹಿಂದೆ ಓಡಬೇಡಿ, ಹೂವನ್ನು ಆರಿಸಿಕೊಳ್ಳಿ. ಗಂಡು ತನ್ನ ಹೂಗಿಡಗಳನ್ನು ಕಾಯುತ್ತದೆ, ಬೇರೆ ಗಂಡು ಬಂದರೆ ಅಟ್ಟುತ್ತದೆ, ಮತ್ತೆ ಅಲ್ಲಿಗೇ ಮರಳುತ್ತದೆ. ಬೆಳಿಗ್ಗೆ, ಸೂರ್ಯ ನಿಮ್ಮ ಬೆನ್ನಿಗಿರುವಂತೆ, ಗಿಡದಿಂದ ಐದಾರು ಮೀಟರ್ ದೂರದಲ್ಲಿ ಅಲುಗಾಡದೆ ಕೂರಿ. ಬೈನಾಕ್ಯುಲರ್ 8x42 ಇರಲಿ, ಅಂದರೆ ಎಂಟು ಪಟ್ಟು ದೊಡ್ಡದು ಮಾಡುವ, 42 ಮಿಲಿಮೀಟರ್ ಅಗಲದ ಮುಂಗಾಜಿನದು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವುದರಲ್ಲಿ ನೋಟದ ಹರವು ಕಿರಿದು. ಹೂವಿಂದ ಹೂವಿಗೆ ಹಾರುವ ಹಕ್ಕಿ ತಪ್ಪಿಹೋಗುತ್ತದೆ.

ಬೆಳಕಿನ ದಿಕ್ಕಿಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ಗಂಡಿನ ತಲೆ, ಬೆನ್ನಿನ ಹಸಿರು ಹೊಳಪು ಗರಿಯೊಳಗಿನ ಸೂಕ್ಷ್ಮ ಪದರಗಳಿಂದ ಬೆಳಕು ಪ್ರತಿಫಲಿಸಿ ಹುಟ್ಟುವಂಥದ್ದು. ಕೋನ ಬದಲಾದರೆ ಹೊಳಪು ಆರುತ್ತದೆ. ಸೂರ್ಯನಿಗೆ ಎದುರಾಗಿ ನೋಡಿದರೆ ಹಕ್ಕಿ ಬರೀ ಕಪ್ಪು. ಹೊಟ್ಟೆಯ ಹಳದಿಯಾದರೋ ನಿಜವಾದ ವರ್ಣದ್ರವ್ಯ, ನೆರಳಲ್ಲೂ ಕಾಣುತ್ತದೆ. ಆದ್ದರಿಂದ ಮೊದಲು ಹೊಟ್ಟೆ ನೋಡಿ, ಆಮೇಲೆ ಮೇಲಕ್ಕೆ ಬನ್ನಿ: ಕಂದುಗಪ್ಪು, ಕೆಂಗಂದು ಪಟ್ಟಿ, ಅದರ ಮೇಲೆ ಸಣ್ಣ ನೀಲಿ ಪಟ್ಟಿ, ಹಸಿರು ಕತ್ತು. ಕೆರಳಿದಾಗ ರೆಕ್ಕೆಯ ಬುಡದಲ್ಲಿ ಹಳದಿ ಗರಿಗುಚ್ಛ ಅರಳುತ್ತದೆ.

ಹೆಣ್ಣನ್ನು ಗುರುತಿಸುವುದೇ ಕಷ್ಟದ ಕೆಲಸ. ಮಂಕು ಬೂದು-ಹಸಿರು ಬೆನ್ನು, ಮಾಸಲು ಹಳದಿ ಹೊಟ್ಟೆ. ಅಲ್ಲಿನ ಬೆಳ್ಗಣ್ಣ ಎಂಬ ಇನ್ನೊಂದು ಪುಟ್ಟ ಹಕ್ಕಿಯೆಂದು ತಪ್ಪು ತಿಳಿಯುವವರುಂಟು. ಬೆಳ್ಗಣ್ಣನ ಕೊಕ್ಕು ಗಿಡ್ಡ, ಕಣ್ಣ ಸುತ್ತ ಬಿಳಿಯುಂಗುರ. ಸುಯಿಮಂಗಾದ್ದು ಬಾಗಿದ ತೆಳು ಕೊಕ್ಕು. ಕೊಕ್ಕು ಇನ್ನೂ ಉದ್ದವಾಗಿ, ಮೈಯೂ ದೊಡ್ಡದಿದ್ದು, ಹೊಟ್ಟೆಯಲ್ಲಿ ಗೀರುಗಳಿದ್ದರೆ ಅದು ಮಡಗಾಸ್ಕರಿನ ಇನ್ನೊಂದು ಸೂರಕ್ಕಿಯ ಹೆಣ್ಣು. ಮರಿಮಾಡುವ ಕಾಲ ಮುಗಿದ ಮೇಲೆ ಗಂಡೂ ಮಂಕಾಗುತ್ತದೆ. ಆಗ ಅಲ್ಲಲ್ಲಿ ಉಳಿದ ಹಸಿರು ಗರಿಯೇ ಸುಳಿವು.

ತಿನ್ನುವ ರೀತಿಯನ್ನೂ ಬರೆದಿಟ್ಟುಕೊಳ್ಳಿ. ಸೂರಕ್ಕಿಗಳು ಹೆಚ್ಚಾಗಿ ರೆಂಬೆಯ ಮೇಲೆ ಕೂತೇ ಮಕರಂದ ಹೀರುತ್ತವೆ. ದಾಸವಾಳದಂಥ ಹೂವಿನ ಬುಡವನ್ನು ಹೊರಗಿನಿಂದ ಸೀಳಿ ಹೀರುವುದೂ ಉಂಟು. ಆಗ ಪರಾಗ ಮೈಗೆ ಅಂಟದು, ಹೂವಿಗೆ ಲಾಭವಿಲ್ಲ. ಉದುರಿದ ಹೂಗಳ ಬುಡದಲ್ಲಿ ಸೀಳು ಹುಡುಕಿ.

ಸಕ್ಕರೆ ನೀರಿಡುವುದಕ್ಕಿಂತ ಹೂಗಿಡ ಬೆಳೆಸುವುದೇ ಮೇಲು ಎಂದು ನನ್ನ ಖಚಿತ ಅಭಿಪ್ರಾಯ. ಇಡಲೇಬೇಕೆಂದರೆ ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು. ಬೆಲ್ಲ, ಜೇನು, ಬಣ್ಣ ಬೇಡ. ಸೆಕೆಯಲ್ಲಿ ಅದು ಬೇಗ ಹುಳಿಯುತ್ತದೆ, ಬೂಷ್ಟು ಹಿಡಿಯುತ್ತದೆ. ದಿನವೂ ಬಟ್ಟಲು ತೊಳೆದು ಬದಲಿಸಬೇಕು. ಕೀಟನಾಶಕವನ್ನಂತೂ ಸಿಂಪಡಿಸಲೇಬೇಡಿ. ಮರಿಗಳು ಬೆಳೆಯುವುದು ಹುಳುಹುಪ್ಪಟೆ, ಜೇಡ ತಿಂದು.

ಗೂಡು ರೆಂಬೆಯಿಂದ ಇಳಿಬಿದ್ದ ಚೀಲ, ಬಾಗಿಲು ಪಕ್ಕದಲ್ಲಿ. ಸಾಮಾನ್ಯವಾಗಿ ಎರಡು ಮೊಟ್ಟೆ. ಕಂಡರೆ ಎಲೆ ಸರಿಸಬೇಡಿ, ಮರೆ ಹೋದರೆ ಬೇಟೆಯಾಡುವ ಪ್ರಾಣಿಗಳಿಗೆ ದಾರಿಯಾಗುತ್ತದೆ. ಹೆಣ್ಣು ಕೊಕ್ಕಿನಲ್ಲಿ ಹುಳ ಹಿಡಿದೂ ಒಳಗೆ ಹೋಗದೆ ಪಕ್ಕದ ರೆಂಬೆಯಲ್ಲೇ ಕೂಗುತ್ತಿದ್ದರೆ ನೀವು ತೀರ ಹತ್ತಿರವಿದ್ದೀರಿ. ಅದು ಗೂಡಿಗೆ ಹೋಗುವವರೆಗೂ ಹಿಂದೆ ಸರಿಯಿರಿ.