ಗ್ರಾಫೀನ್ ಇರೋದು ಕಾರಿನ ಹೊಳಪಿಗಲ್ಲ

[ದೃಶ್ಯ: ಕಲಬುರಗಿ, ಸೇಡಂ ರಸ್ತೆ. ಸುಡು ಬಿಸಿಲು. ಕಾರ್ ವಾಷ್ ಅಂಗಡಿಯ ಬೋರ್ಡ್]

ನಮಸ್ಕಾರ್ರಿ. ಈಗ ಕಾರು ತೊಳೆಸೋಕೆ ಹೋದರೂ "ಅಣ್ಣಾ, ಗ್ರಾಫೀನ್ ಕೋಟಿಂಗ್ ಮಾಡಿಸಿಬಿಡಿ" ಅಂತಾರೆ. ಅದರಲ್ಲಿ ಗ್ರಾಫೀನ್ ಎಷ್ಟಿದೆ ಅಂತ ಡಬ್ಬದ ಮೇಲೆ ಬರೆದಿದೆಯಾ, ಒಮ್ಮೆ ನೋಡಿ.

[ಪೆನ್ಸಿಲ್ ತುದಿ, ಹತ್ತಿರದಿಂದ]

ಪೆನ್ಸಿಲ್ ಕಡ್ಡಿಯಲ್ಲಿರೋದು ಗ್ರಾಫೈಟ್, ಅಂದರೆ ಕಾರ್ಬನ್ ಹಾಳೆಗಳ ಕಟ್ಟು. ಒಂದು ಮಿಲಿಮೀಟರ್ ದಪ್ಪದಲ್ಲಿ ಸುಮಾರು 30 ಲಕ್ಷ ಹಾಳೆಗಳಿರುತ್ತವೆ. ಅದರಲ್ಲಿ ಒಂದೇ ಒಂದು ಹಾಳೆ ಗ್ರಾಫೀನ್. ಅದು ಕೊಳವೆಯ ಆಕಾರದಲ್ಲಿದ್ದರೆ ಕಾರ್ಬನ್ ನ್ಯಾನೊಟ್ಯೂಬ್. 2004ರಲ್ಲಿ ಮ್ಯಾಂಚೆಸ್ಟರ್‌ನ ಆಂದ್ರೆ ಗೈಮ್, ಕಾನ್‌ಸ್ಟಾಂಟಿನ್ ನೊವೊಸೆಲೊವ್ ಈ ಹಾಳೆ ಬಿಡಿಸಿದ್ದು ಸುಮ್ನೆ ಅಂಟು ಟೇಪ್‌ನಿಂದ! 2010ರಲ್ಲಿ ನೊಬೆಲ್ ಬಂತು.

ಆದರೆ 2018ರಲ್ಲಿ 60 ಕಂಪನಿಗಳ "ಗ್ರಾಫೀನ್" ಪರೀಕ್ಷೆ ಮಾಡಿದಾಗ, ಹೆಚ್ಚಿನವು ಬರೀ ಸಣ್ಣಗಾದ ಗ್ರಾಫೈಟ್ ಅಂತ ಗೊತ್ತಾಯಿತು. ಜಾಹೀರಾತು ನಂಬೋ ಮೊದಲು ಇದು ನೆನಪಿರಲಿ.

[ದೃಶ್ಯ: ಕೋಶದ ಅನಿಮೇಷನ್]

ಈಗ ಔಷಧಿಯ ವಿಷಯ. ಡಾಕ್ಸೊರುಬಿಸಿನ್ ಅನ್ನೋ ಕ್ಯಾನ್ಸರ್ ಔಷಧಿಯ ಅಣು ಚಪ್ಪಟೆ. ಗ್ರಾಫೀನ್ ಆಕ್ಸೈಡ್, ಅಂದರೆ ಆಮ್ಲಜನಕ ಸೇರಿದ ಗ್ರಾಫೀನ್ ಹಾಳೆಯ ಮೇಲೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಗಡ್ಡೆಯ ಸುತ್ತ ಸ್ವಲ್ಪ ಆಮ್ಲ ಜಾಸ್ತಿ, ಅಲ್ಲಿ ಬಿಟ್ಟುಕೊಳ್ಳುತ್ತದೆ. ಉಪಾಯ ಚೆನ್ನಾಗಿದೆ, ಅಲ್ವಾ? ಆದರೆ ಕೆಲಸ ನಡೆದಿರೋದು ಹೆಚ್ಚಾಗಿ ಲ್ಯಾಬ್‌ನಲ್ಲಿ, ಇಲಿಗಳ ಮೇಲೆ. ಔಷಧಿ ಇಳಿಸಿದ ಮೇಲೆ ಆ ಹಾಳೆ ಮೈಯಿಂದ ಹೊರಗೆ ಹೋಗಬೇಕಲ್ಲ! ಉದ್ದನೆಯ, ಗಟ್ಟಿ ನ್ಯಾನೊಟ್ಯೂಬ್‌ಗಳು ಇಲಿಗಳಲ್ಲಿ ಆಸ್ಬೆಸ್ಟಾಸ್ ಥರ ಹಾನಿ ಮಾಡಿದ್ದು 2008ರಲ್ಲೇ ಗೊತ್ತಾಗಿದೆ. "ಗ್ರಾಫೀನ್‌ನಿಂದ ಕ್ಯಾನ್ಸರ್ ಗುಣ" ಅಂತ ವಾಟ್ಸಾಪ್‌ನಲ್ಲಿ ಬಂದರೆ ಮುಂದಕ್ಕೆ ಕಳಿಸಬೇಡಿ.

ಆದರೆ ಬ್ಯಾಟರಿಯಲ್ಲಿ ನ್ಯಾನೊಟ್ಯೂಬ್ ಆಗಲೇ ದುಡಿಯುತ್ತಿದೆ. ಲಿಥಿಯಂ ಬ್ಯಾಟರಿಯ ಒಳಗೆ ಕರೆಂಟ್ ಸಲೀಸಾಗಿ ಹರಿಯಲಿ ಅಂತ ನ್ಯಾನೊಟ್ಯೂಬ್ ಬೆರೆಸುತ್ತಾರೆ.

[ದೃಶ್ಯ: ಸುಣ್ಣದ ಕಲ್ಲಿನ ಗಣಿ, ಸಿಮೆಂಟ್ ಫ್ಯಾಕ್ಟರಿಯ ಚಿಮಣಿ]

ನಮಗೆ ನಿಜವಾಗಿ ಸಂಬಂಧಪಟ್ಟಿದ್ದು ಇಲ್ಲಿದೆ. ಸೇಡಂ, ಮಳಖೇಡ, ವಾಡಿ ಎಲ್ಲ ಸಿಮೆಂಟ್ ಸೀಮೆ. ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿಗೆ ಕಾಯಿಸುತ್ತಾರೆ. ಆಗ ಕಲ್ಲಿನೊಳಗಿಂದಲೇ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಕಲ್ಲಿದ್ದಲು ಬಿಟ್ಟು ಸೋಲಾರ್ ಹಾಕಿದರೂ ಇದು ನಿಲ್ಲುವುದಿಲ್ಲ. ಇರೋ ದಾರಿಗಳಲ್ಲಿ ಒಂದು, ಸಿಮೆಂಟೇ ಕಡಿಮೆ ಹಾಕೋದು.

ಕಾಂಕ್ರೀಟಿಗೆ ಚೂರು ಗ್ರಾಫೀನ್ ಸೇರಿಸಿದರೆ, ಸಿಮೆಂಟ್ ಗಟ್ಟಿಯಾಗುವಾಗ ಹುಟ್ಟುವ ಹರಳುಗಳಿಗೆ ಆ ಹಾಳೆಯೇ ಆಸರೆ. ಬಲ ಹೆಚ್ಚುತ್ತದೆ. 2021ರಲ್ಲಿ ಇಂಗ್ಲೆಂಡಿನ ಏಮ್ಸ್‌ಬರಿಯಲ್ಲಿ ಒಂದು ಜಿಮ್‌ನ ನೆಲ ಹೀಗೇ ಹಾಕಿದರು. ಸುಮಾರು 30 ಶೇಕಡಾ ಕಡಿಮೆ ಸಾಮಗ್ರಿ ಸಾಕಾಯಿತು ಅಂದರು ಮಾಡಿದವರು.

ಪುಡಿ ನೇರವಾಗಿ ಸುರಿದರೆ ಮುದ್ದೆಯಾಗುತ್ತದೆ. ಅದಕ್ಕೇ ದ್ರವ ಮಾಡಿ ಮಿಕ್ಸರ್‌ಗೆ ಹಾಕುತ್ತಾರೆ. ಈಗಿರೋ ಮಿಕ್ಸರ್, ಈಗಿರೋ ಗೌಂಡಿಗಳೇ ಸಾಕು. ಬೇಕಿರೋದು ಕೈಗೆಟಕುವ ಬೆಲೆಗೆ, ಪ್ರತಿ ಸಲ ಒಂದೇ ಗುಣಮಟ್ಟದ, ನಿಜವಾದ ಗ್ರಾಫೀನ್.