ಮೊದಲು ನಿಲ್ಲಿಸಲು ಕಲಿಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ದೊಡ್ಡ ಬೈಕು ಕೊಳ್ಳಬೇಕೆಂದು ವರ್ಷಗಟ್ಟಲೆ ಹಣ ಕೂಡಿಟ್ಟವರು, ಮೊನ್ನೆಯಷ್ಟೇ ಕೊಂಡು ಮನೆಮುಂದೆ ನಿಲ್ಲಿಸಿ ಒರೆಸುತ್ತಿರುವವರು, ಅದನ್ನು ಕೊಂಡ ಮಗನನ್ನೋ ಮಗಳನ್ನೋ ನೋಡಿ ಒಳಗೊಳಗೇ ದಿಗಿಲುಪಡುತ್ತಿರುವ ತಂದೆತಾಯಿ, ಈ ಮೂರು ಬಗೆಯವರು ಈಗ ಕೇಳುತ್ತಿದ್ದೀರಿ ಎಂದುಕೊಂಡೇ ಮಾತಾಡುತ್ತೇನೆ. ಸವಾರಿ ಕಲಿಸುವುದು ನನ್ನ ಕಸುಬು. ಹೊಸ ಗಾಡಿ ತಂದವರು ನನ್ನ ಹತ್ತಿರ ಮೊದಲು ಆಡುವ ಮಾತು, "ಸಾರ್, ಇದು ಗಂಟೆಗೆ ಇನ್ನೂರು ಕಿಲೋಮೀಟರ್ ದಾಟುತ್ತೆ!" ದಾಟಲಿ, ಸಂತೋಷ. ಆದರೆ "ಇದನ್ನು ನಿಲ್ಲಿಸೋದು ಹೇಗೆ?" ಎಂದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಯಾರೂ ಕೇಳದ ಆ ಪ್ರಶ್ನೆಗೇ ಇವತ್ತಿನ ನನ್ನ ಸಮಯವನ್ನೆಲ್ಲ ಕೊಡುತ್ತೇನೆ. ಓಡುವುದನ್ನು ಆ ಬೈಕು ಹುಟ್ಟಿದಾಗಲೇ ಕಲಿತು ಬಂದಿದೆ. ನಿಲ್ಲಿಸುವುದನ್ನು ನೀವು ಕಲಿಯಬೇಕು.

ಸ್ಪೋರ್ಟ್ ಟೂರರ್ ಎನ್ನುತ್ತೇವಲ್ಲ, ಅದು ಎರಡು ಕುಲದ ಗಾಡಿ. ಎಂಜಿನ್ನಿನ ಕಸುವು, ತಿರುವಿನಲ್ಲಿನ ಚುರುಕು ರೇಸ್ ಬೈಕಿನ ಕಡೆಯಿಂದ ಬಂದವು. ನೆಟ್ಟಗೆ ಕೂರುವ ಭಂಗಿ, ಗಾಳಿಗೆ ಅಡ್ಡ ನಿಲ್ಲುವ ಗಾಜು, ಎರಡು ಪಕ್ಕದ ಪೆಟ್ಟಿಗೆಗಳು ದೂರ ಪ್ರಯಾಣದ ಬೈಕಿನ ಕಡೆಯಿಂದ. 1976ರಲ್ಲಿ ಬಿಎಂಡಬ್ಲ್ಯು ಕಂಪನಿ ಆರ್ 100 ಆರ್‌ಎಸ್ ಎಂಬ ಬೈಕನ್ನು ತಂದಿತು. ಅದರ ಮುಂದಿನ ಕವಚವನ್ನು ಗಾಳಿ ಬೀಸಿ ಪರೀಕ್ಷಿಸುವ ಸುರಂಗದಲ್ಲಿಟ್ಟು ರೂಪಿಸಿದ್ದರು. ಸವಾರನ ಎದೆಗೆ ಗಾಳಿ ಗುದ್ದುವುದು ತಗ್ಗಿತು, ಇಡೀ ದಿನ ವೇಗವಾಗಿ ಹೋಗುವುದು ಸಲೀಸಾಯಿತು. 1990ರಲ್ಲಿ ಬಂದ ಹೊಂಡಾ ಎಸ್‌ಟಿ 1100 ನನಗೆ ಇನ್ನೂ ಇಷ್ಟ. ಒಮ್ಮೆ ತುಂಬಿಸಿದರೆ 28 ಲೀಟರ್ ಪೆಟ್ರೋಲು. ಅಂದರೆ ಇಪ್ಪತ್ತು ಕಿಲೋ ತೂಕದ ದ್ರವ! ಅದನ್ನು ಎತ್ತರದಲ್ಲಿ, ಸವಾರನ ಮೊಣಕಾಲುಗಳ ನಡುವೆ ಇಡದೆ ಸೀಟಿನ ಕೆಳಕ್ಕೆ ಇಳಿಸಿದ್ದರು. ಯಾಕೆ? ಭಾರ ಕೆಳಗಿದ್ದಷ್ಟೂ ನಿಂತ ಗಾಡಿಯನ್ನು ಹಿಡಿದುಕೊಳ್ಳುವುದು ಸುಲಭ. ನೋಡಿ, ಗಾಡಿ ಕಟ್ಟಿದವರಿಗೇ ನಿಲ್ಲುವ ಚಿಂತೆ ಇತ್ತು, ಕೊಳ್ಳುವ ನಮಗಿಲ್ಲ.

ಈ ಜಾತಿಯ ಬೈಕು 200 ಕಿಲೋ ದಾಟುತ್ತದೆ, ದೊಡ್ಡವು 300ರ ಹತ್ತಿರಕ್ಕೂ ಹೋಗುತ್ತವೆ. ಓಡುವಾಗ ಆ ತೂಕ ಗೊತ್ತೇ ಆಗುವುದಿಲ್ಲ. ವೇಗ ಇರುವಷ್ಟು ಹೊತ್ತು ಗಾಡಿ ತನ್ನನ್ನು ತಾನೇ ನೆಟ್ಟಗೆ ಇಟ್ಟುಕೊಳ್ಳುತ್ತದೆ. ನಡೆಯುವ ವೇಗಕ್ಕೆ ಇಳಿಯಿತೋ, ಅಷ್ಟೂ ಭಾರ ನಿಮ್ಮ ಕಾಲಿನ ಲೆಕ್ಕಕ್ಕೆ ಬಂತು.

ನನಗೆ ಆದದ್ದನ್ನು ಹೇಳುತ್ತೇನೆ. ಚಿಕ್ಕ ಬೈಕುಗಳನ್ನು ಹದಿನೈದು ವರ್ಷ ಓಡಿಸಿದ ಮೇಲೆ ನನ್ನ ಮೊದಲ ಸ್ಪೋರ್ಟ್ ಟೂರರ್ ಬಂತು. 260 ಕಿಲೋ. ನಾಲ್ಕನೆಯ ದಿನ ಬೆಳಗಿನಿಂದ ಸಂಜೆವರೆಗೆ ಬೆಟ್ಟದ ದಾರಿಯಲ್ಲಿ ಓಡಿಸಿದೆ. ಒಂದು ತಿರುವಿನಲ್ಲೂ ಲೆಕ್ಕ ತಪ್ಪಲಿಲ್ಲ. ಗಾಡಿ ಎಂದರೆ ಇದಪ್ಪಾ ಅನ್ನಿಸಿತ್ತು. ಸೂರ್ಯ ಇಳಿಯುವ ಹೊತ್ತಿಗೆ ಕಣಿವೆ ಕಾಣುವ ಒಂದು ಜಾಗದಲ್ಲಿ ನಿಲ್ಲಿಸಿ ನೋಡೋಣ ಎಂದು ರಸ್ತೆಯ ಅಂಚಿಗೆ ತಂದೆ. ಎಡಕ್ಕೆ ಸ್ವಲ್ಪ ಇಳಿಜಾರು. ಮೇಲೆ ಜಲ್ಲಿಪುಡಿ. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿಕೊಂಡೇ, ಚಿಕ್ಕ ಬೈಕಿನ ಅಭ್ಯಾಸದಲ್ಲಿ, ಮುಂದಿನ ಬ್ರೇಕನ್ನು ಎರಡು ಬೆರಳಲ್ಲಿ ಒತ್ತಿದೆ. ವೇಗ ಎಷ್ಟಿತ್ತು? ಮಗು ಅಂಬೆಗಾಲಿಡುವಷ್ಟು. ಮುಂಚಕ್ರ ಥಟ್ಟನೆ ನಿಂತಿತು, ಗಾಡಿಯ ಮೂತಿ ಮುಳುಗಿತು, ಭಾರವೆಲ್ಲ ಎಡಕ್ಕೆ ಹೊರಳಿತು. ಎಡಗಾಲು ಊರಿದೆ, ಜಲ್ಲಿಯ ಮೇಲೆ ಬೂಟು ಸರ್ರನೆ ಜಾರಿತು. ಒಂದು ಕ್ಷಣ ಹಿಡಿದೆ. ಆಮೇಲೆ 260 ಕಿಲೋ ನಿಧಾನವಾಗಿ, ತುಂಬ ನಿಧಾನವಾಗಿ ನೆಲಕ್ಕೆ ಒರಗಿತು. ಇಂಡಿಕೇಟರಿನ ಗಾಜು ಕಟಕ್ ಎಂದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಕ್ಲಚ್ ಲಿವರಿನ ತುದಿಯ ಗುಂಡು ಮುರಿದು ಜಲ್ಲಿಯಲ್ಲಿ ಬಿದ್ದಿತ್ತು.

ಎಂಜಿನ್ ಆಫ್ ಮಾಡಿದೆ. ಹ್ಯಾಂಡಲ್ ಹಿಡಿದು ಮುಂದಕ್ಕೆ ಬಗ್ಗಿ ಎಳೆದೆ. ಒಂದಿಂಚು ಏಳಲಿಲ್ಲ. ಮೂರು ಸಲ ಎಳೆದೆ, ಸೊಂಟ ಛಳಕ್ ಎಂದಿತು. ಅಷ್ಟರಲ್ಲಿ ಒಂದು ಲಾರಿ ನಿಂತಿತು. ಚಾಲಕ ಇಳಿದು ಬಂದು ಸುಮ್ಮನೆ ನೋಡಿ, "ಹಾಗೆ ಎತ್ತಿದರೆ ನಿಮ್ಮ ಸೊಂಟ ಹೋಗುತ್ತೆ ಸಾರ್, ಗಾಡಿ ಏಳಲ್ಲ. ಅದಕ್ಕೆ ಬೆನ್ನು ಕೊಡಿ" ಎಂದ. ಹ್ಯಾಂಡಲನ್ನು ಪೂರ್ತಿ ನೆಲದ ಕಡೆಗೆ ತಿರುಗಿಸಲು ಹೇಳಿದ. ಗೇರಿಗೆ ಹಾಕಿಸಿದ, ಉರುಳಬಾರದು ಅಂತ. ನಾನು ಗಾಡಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು, ಕುಂಡಿಯನ್ನು ಸೀಟಿನ ಅಂಚಿಗೆ ಒತ್ತಿ, ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದರಲ್ಲಿ ಹಿಂದಿನ ಹಿಡಿಕಂಬಿ ಹಿಡಿದೆ. "ಕೈಯಲ್ಲಿ ಎತ್ತಬೇಡಿ, ಕಾಲಲ್ಲಿ ನೂಕಿ" ಎಂದ. ಪುಟ್ಟ ಪುಟ್ಟ ಹೆಜ್ಜೆ ಹಿಂದಕ್ಕಿಡುತ್ತ ನೂಕಿದೆ. ಗಾಡಿ ಎದ್ದಿತು! ಅವನು ಕೈಯನ್ನೇ ಹಾಕಿರಲಿಲ್ಲ, ಆ ಕಡೆ ಉರುಳದಂತೆ ನೋಡಿಕೊಂಡು ನಿಂತಿದ್ದ ಅಷ್ಟೇ. ನನ್ನ ಶಿಷ್ಯರಿಗೆಲ್ಲ ಅವನು ಹೇಳಿಕೊಟ್ಟ ಹಾಗೆಯೇ ಹೇಳಿಕೊಡುತ್ತಾ ಬಂದಿದ್ದೇನೆ.

ಆ ರಾತ್ರಿ ಯೋಚಿಸಿದೆ. ದಿನವಿಡೀ ಓಡಿಸಿದ್ದರಲ್ಲಿ ಒಂದೂ ತಪ್ಪಿಲ್ಲ, ಕೊನೆಯ ಒಂದು ಮೀಟರಿನಲ್ಲಿ ಎಲ್ಲವೂ ತಪ್ಪು. ಹ್ಯಾಂಡಲ್ ನೆಟ್ಟಗಿರಲಿಲ್ಲ. ಕಾಲೂರುವ ಜಾಗವನ್ನು ಮೊದಲೇ ನೋಡಿರಲಿಲ್ಲ. ನಿಲ್ಲುವಾಗ ಕಣ್ಣು ಮುಂಚಕ್ರದ ಮೇಲಿತ್ತು. ಆ ವೇಗದಲ್ಲಿ ಹಿಂದಿನ ಬ್ರೇಕಿಗೆ ಮೆಲ್ಲಗೆ ಕಾಲಿಟ್ಟಿದ್ದರೆ ಸಾಕಿತ್ತು. ಆದ್ದರಿಂದ ಹೇಳುತ್ತೇನೆ, ಮತ್ತೆ ಹೇಳುತ್ತೇನೆ: ಮೊದಲು ನಿಲ್ಲಿಸಲು ಕಲಿಯಿರಿ. ಹ್ಯಾಂಡಲ್ ನೆಟ್ಟಗೆ, ದೃಷ್ಟಿ ಮುಂದೆ, ಕೊನೆಯ ಮೀಟರಿಗೆ ಹಿಂದಿನ ಬ್ರೇಕು.

ಇದು ನನ್ನೊಬ್ಬನ ಪಾಡು ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಎಂಬ ಸಂಶೋಧಕರ ತಂಡ ಲಾಸ್ ಏಂಜಲೀಸ್ ಸುತ್ತ ನಡೆದ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಅಪಘಾತಕ್ಕೆ ಸಿಕ್ಕಿದ ಸವಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ತಾವು ಓಡಿಸುತ್ತಿದ್ದ ಆ ಗಾಡಿಯ ಪರಿಚಯ ಐದು ತಿಂಗಳೂ ಇರಲಿಲ್ಲ. ಬೈಕು ಓಡಿಸಿದ ಅನುಭವ ಇತ್ತು, ಈ ಬೈಕಿನದು ಇರಲಿಲ್ಲ. ಇನ್ನೊಂದು ಮಾತನ್ನು ಗಮನವಿಟ್ಟು ಕೇಳಿ. ಅಪಾಯ ಎದುರಾದಾಗ ಹೆಚ್ಚಿನವರು ಹಿಂದಿನ ಬ್ರೇಕನ್ನು ಅದುಮಿ ಚಕ್ರ ಜಾರಿಸಿದ್ದರು, ಮುಂದಿನದನ್ನು ಸಾಕಷ್ಟು ಬಳಸಿರಲೇ ಇಲ್ಲ. ಈಗ ತಾನೇ ಹಿಂದಿನ ಬ್ರೇಕು ಅಂದಿರಲ್ಲ ಎನ್ನುತ್ತೀರಿ. ಅದು ತೆವಳುವ ವೇಗಕ್ಕೆ. ವೇಗದಲ್ಲಿ ಭಾರ ಮುಂದಕ್ಕೆ ನುಗ್ಗುತ್ತದೆ, ಮುಂದಿನ ಟೈರು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಅಲ್ಲಿ ಮುಂದಿನ ಬ್ರೇಕೇ ಯಜಮಾನ. ಅದನ್ನು ಕಿತ್ತುಕೊಂಡ ಹಾಗೆ ಎಳೆಯಬೇಡಿ. ನೆನೆದ ಸ್ಪಂಜು ಹಿಂಡಿದ ಹಾಗೆ, ಮೊದಲು ಹಗುರಕ್ಕೆ, ಭಾರ ಮುಂದೆ ಬಂದ ಮೇಲೆ ಗಟ್ಟಿಯಾಗಿ.

ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಅಯ್ಯೋ ಎನ್ನುವಷ್ಟರಲ್ಲಿ, ಬ್ರೇಕು ಮುಟ್ಟುವ ಮೊದಲೇ, ಅಷ್ಟು ದೂರ ಕಳೆದಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಇನ್ನೂರು ದಾಟುತ್ತೆ ಎನ್ನುವವರು ಈ ಲೆಕ್ಕವನ್ನೂ ಬಾಯಿಪಾಠ ಮಾಡಲಿ.

ಗಡಿಯಾರ ನೋಡಿದರೆ ಲಾರಿಯವನ ಕಥೆಗೇ ಬಹಳ ಹೊತ್ತು ಹೋಗಿದೆ. ಕೊಳ್ಳುವ ವಿಚಾರ ಬೇಗ ಹೇಳಿಬಿಡುತ್ತೇನೆ. ಷೋರೂಮಿನಲ್ಲಿ ದಯವಿಟ್ಟು ಅಶ್ವಶಕ್ತಿಯ ಅಂಕಿ ಕೇಳುತ್ತಾ ನಿಲ್ಲಬೇಡಿ. ಸೀಟಿನ ಮೇಲೆ ಕೂತು ಸೈಡ್ ಸ್ಟ್ಯಾಂಡಿನಿಂದ ಎತ್ತಿ ನೆಟ್ಟಗೆ ಹಿಡಿಯಿರಿ. ಪಾದಗಳು ಗಟ್ಟಿಯಾಗಿ ಊರುತ್ತವೆಯೇ? ಇಳಿದು ಹತ್ತು ಹೆಜ್ಜೆ ತಳ್ಳಿ, ಹಿಂದಕ್ಕೂ ಎಳೆಯಿರಿ. ಎಂಜಿನ್ ಆಫ್ ಇರುವಾಗ ತಳ್ಳಲಾಗದ ಗಾಡಿಯನ್ನು ಬಿಟ್ಟು ಒಂದು ಮೆಟ್ಟಿಲು ಚಿಕ್ಕದನ್ನು ನೋಡಿ. ಅದರಲ್ಲಿ ಯಾವ ಅವಮಾನವೂ ಇಲ್ಲ. ಹಿಂಚಕ್ರವನ್ನು ತಿರುಗಿಸುವುದು ಚೈನಾದರೆ ಎಣ್ಣೆಯ ಆರೈಕೆ, ಶಾಫ್ಟ್ ಎಂಬ ತಿರುಗುವ ದಂಡವಾದರೆ ನಿಶ್ಚಿಂತೆ, ಆದರೆ ತೂಕ ಹೆಚ್ಚು. ಎಬಿಎಸ್, ಅಂದರೆ ಗಟ್ಟಿಯಾಗಿ ಬ್ರೇಕು ಹಿಡಿದರೂ ಚಕ್ರ ಪೂರ್ತಿ ನಿಂತು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ, ಇರಲೇಬೇಕು. 1988ರಲ್ಲಿ ಬಿಎಂಡಬ್ಲ್ಯು ಕೆ 100 ಬೈಕಿಗೆ ಬಂದ ಆ ಎಲೆಕ್ಟ್ರಾನಿಕ್ ವ್ಯವಸ್ಥೆ ಎಷ್ಟು ಜೀವ ಉಳಿಸಿದೆಯೋ! ಅದು ಕೆಲಸ ಮಾಡುವಾಗ ಲಿವರು ಬೆರಳಿಗೆ ತಟತಟ ಬಡಿಯುತ್ತದೆ. ಗೊತ್ತಿಲ್ಲದವರು ಹೆದರಿ ಬ್ರೇಕನ್ನೇ ಬಿಟ್ಟುಬಿಡುತ್ತಾರೆ. ಆ ಬಡಿತವನ್ನು ಮೈದಾನದಲ್ಲೇ ಅನುಭವಿಸಿ, ರಸ್ತೆಯಲ್ಲಿ ಮೊದಲ ಸಲ ಆಗುವುದು ಬೇಡ.

ಹೊಸ ಟೈರಿನ ಮೈ ಇನ್ನೂ ನುಣುಪು. ಮೊದಲ ನೂರೈವತ್ತು ಕಿಲೋಮೀಟರ್ ತಿರುವಿನಲ್ಲೂ ಬ್ರೇಕಿನಲ್ಲೂ ಜೋಪಾನ. ಹೊಸ ಎಂಜಿನ್ನನ್ನು ಮೊದಲ ಸರ್ವಿಸಿನವರೆಗೆ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ, ಆಕ್ಸಿಲರೇಟರನ್ನು ಕೊನೆಯವರೆಗೆ ತಿರುಚಲೂಬೇಡಿ. ಹಿಂದೆ ಇನ್ನೊಬ್ಬರು ಕೂತು ಪೆಟ್ಟಿಗೆಗಳೂ ತುಂಬಿದಾಗ ಹಿಂದಿನ ಸಸ್ಪೆನ್ಷನ್ ಬಿಗಿ ಮಾಡಿ, ಗಾಳಿಯ ಒತ್ತಡ ನೋಡಿ. ಕೈಪಿಡಿಯಲ್ಲಿ ಎಲ್ಲವೂ ಇದೆ, ಅದನ್ನು ಓದಿ.

ನಾಳೆ ಬೆಳಿಗ್ಗೆ ಖಾಲಿ ಮೈದಾನವೊಂದಕ್ಕೆ ಹೋಗಿ. ಹೆಲ್ಮೆಟ್, ಕೈಗವಸು, ಪಾದದ ಗೆಣ್ಣು ಮುಚ್ಚುವ ಬೂಟು. ಟ್ಯಾಂಕು ಅರ್ಧ ತುಂಬಿದ್ದರೆ ಸಾಕು, ಪೆಟ್ಟಿಗೆಗಳು ಬೇಡ. ನೆಲದ ಮೇಲೆ ಒಂದು ಗೆರೆ ಎಳೆದು, ಮುಂಚಕ್ರ ಆ ಗೆರೆಯ ಮೇಲೆ ನಿಲ್ಲುವಂತೆ ಐವತ್ತು ಸಲ ನಿಲ್ಲಿಸಿ. ಮೊದಲು ನಡೆಯುವ ವೇಗದಲ್ಲಿ, ಆಮೇಲೆ ಇಪ್ಪತ್ತರಲ್ಲಿ, ಆಮೇಲೆ ನಲವತ್ತರಲ್ಲಿ. ಐವತ್ತೂ ಮುಗಿಯುವ ಹೊತ್ತಿಗೆ ನಿಮ್ಮ ಬಲಗೈ ಬೆರಳುಗಳಿಗೆ ಆ ಬ್ರೇಕಿನ ಪರಿಚಯ ಆಗಿರುತ್ತದೆ. ಮರುದಿನ ಮತ್ತೆ ಹೋಗಿ, ಈ ಸಲ ಹಿಂದೆ ಕೂರುವವರನ್ನೂ ಕೂರಿಸಿಕೊಂಡು.

ನಮಸ್ಕಾರ.