ಕೈರಾನಾ: ಘರಾಣೆಯ ಹಿಂದಿರುವ ಊರು

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿ, ಧಾರವಾಡ, ಗದಗದ ಕಡೆ ಸಂಗೀತ ಕೇಳುವ ಮನೆಗಳಲ್ಲಿ ‘ಕಿರಾಣಾ ಘರಾಣೆ’ ಅನ್ನುವ ಮಾತು ಮನೆಮಾತಿನಷ್ಟೇ ಸಲೀಸು. ಘರಾಣೆ ಅಂದರೆ ಗುರುವಿನಿಂದ ಶಿಷ್ಯರಿಗೆ ಬರುವ ಹಾಡುಗಾರಿಕೆಯ ಪರಂಪರೆ. ಗಂಗೂಬಾಯಿ ಹಾನಗಲ್ ಯಾವ ಘರಾಣೆ? ಕಿರಾಣಾ. ಭೀಮಸೇನ ಜೋಶಿ? ಕಿರಾಣಾ. ಆದರೆ ಅದು ಒಂದು ಊರಿನ ಹೆಸರು, ಅಲ್ಲಿ ಇವತ್ತಿಗೂ ಸಂತೆ ನಡೆಯುತ್ತದೆ, ಮಕ್ಕಳು ಶಾಲೆಗೆ ಹೋಗುತ್ತಾರೆ ಅನ್ನುವುದು ನಮ್ಮ ನೆನಪಿಗೆ ಬರುವುದು ಕಡಿಮೆ, ಅಲ್ವಾ? ಇವತ್ತು ಆ ಊರಿನ ಬಗ್ಗೆ ಮಾತಾಡೋಣ.

ಊರಿನ ಹೆಸರು ಕೈರಾನಾ, ಅದೇ ಘರಾಣೆಯ ಹೆಸರಿನಲ್ಲಿ ಕಿರಾಣಾ. ಇರುವುದು ಉತ್ತರ ಪ್ರದೇಶದ ಪಶ್ಚಿಮದ ಅಂಚಿನಲ್ಲಿ, ಶಾಮ್ಲಿ ಜಿಲ್ಲೆಯಲ್ಲಿ. 2011ರವರೆಗೆ ಮುಜಫ್ಫರನಗರ ಜಿಲ್ಲೆಗೆ ಸೇರಿತ್ತು. ಪಕ್ಕದಲ್ಲೇ ಯಮುನೆ. ನದಿ ದಾಟಿದರೆ ಹರಿಯಾಣದ ಪಾಣಿಪತ್. ಸುತ್ತ ಕಬ್ಬಿನ ಗದ್ದೆಗಳು. ಇದು ಮಹಾಭಾರತದ ಕರ್ಣನ ಊರು, ಕರ್ಣನ ಹೆಸರಿನಿಂದಲೇ ಕೈರಾನಾ ಆಯಿತು ಎಂದು ಅಲ್ಲಿನ ಜನ ಹೇಳುತ್ತಾರೆ.

ಮೊಘಲರ ಕಾಲದಲ್ಲಿ ಈ ಊರಿನ ದೊಡ್ಡ ಹೆಸರು ಮುಕರ್ರಬ್ ಖಾನ್. ವೃತ್ತಿಯಿಂದ ವೈದ್ಯ, ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಕೈ. ಜಿಂಕೆಯೊಂದು ಅಕ್ಬರನನ್ನು ಕೊಂಬಿನಿಂದ ತಿವಿದಾಗ ಆರೈಕೆ ಮಾಡಿದವರು ಇವನೂ ಇವನ ಅಪ್ಪನೂ. ಮುಂದೆ ಜಹಾಂಗೀರನಿಗೆ ತುಂಬಾ ಬೇಕಾದವನಾದ. ಗುಜರಾತ್ ಪ್ರಾಂತ್ಯದ ಆಡಳಿತ ನೋಡುವ ಸುಬೇದಾರನೂ ಆದ. 1612ರಲ್ಲಿ ಗೋವೆಗೆ ಹೋಗಿ ಬರುವಾಗ ಬಾದಶಹನಿಗಾಗಿ ಅಪರೂಪದ ವಸ್ತುಗಳನ್ನು ತಂದ. ಅದರಲ್ಲಿ ಒಂದು ಟರ್ಕಿ ಕೋಳಿಯೂ ಇತ್ತು. ಅಂಥ ಹಕ್ಕಿಯನ್ನು ಜಹಾಂಗೀರ್ ಎಂದೂ ಕಂಡಿರಲಿಲ್ಲ. ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಬಿಡಿಸಿದ ಅದರ ಚಿತ್ರ ಇವತ್ತು ಲಂಡನ್ನಿನ ಮ್ಯೂಸಿಯಂನಲ್ಲಿದೆ. ಕೈರಾನಾದಲ್ಲಿ ಮುಕರ್ರಬ್ ಖಾನ್ ಮಾಡಿಸಿದ ತೋಟವನ್ನು ಜಹಾಂಗೀರ್ ತಾನೇ ಹೋಗಿ ನೋಡಿ, ಮೆಚ್ಚಿ ಬರೆದಿದ್ದಾನೆ. 140 ಬಿಘಾ (ಉತ್ತರದ ಕಡೆಯ ನೆಲದ ಅಳತೆ) ತೋಟ, ನಡುವೆ ದೊಡ್ಡ ಕೆರೆ, ಇರಾನಿನ ಕಡೆಯ ಪಿಸ್ತಾ ಮರ ಕೂಡ. ಯಮುನೆಯ ಬಯಲಿನಲ್ಲಿ ಪಿಸ್ತಾ! ಗಿಡ ನೆಟ್ಟು ನೀರು ಹೊತ್ತ ಕೈಗಳ ಹೆಸರು ಮಾತ್ರ ಯಾರೂ ಬರೆದಿಡಲಿಲ್ಲ. ನನಗೆ ಆ ತೋಟ ಎಂದರೆ ಮೊದಲು ನೆನಪಾಗುವುದು ಅವರೇ.

ಇನ್ನೊಬ್ಬರು ರಹಮತುಲ್ಲಾ ಕೈರಾನವಿ, 1818ರಲ್ಲಿ ಹುಟ್ಟಿದ ವಿದ್ವಾಂಸರು. 1854ರಲ್ಲಿ ಆಗ್ರಾದಲ್ಲಿ ಪಾದ್ರಿ ಫಾಂಡರ್ ಜೊತೆ ಧರ್ಮಗ್ರಂಥಗಳ ಬಗ್ಗೆ ಬಹಿರಂಗ ವಾದಕ್ಕೆ ನಿಂತರು. 1857ರ ದಂಗೆಯ ನಂತರ ಬ್ರಿಟಿಷರಿಂದ ತಪ್ಪಿಸಿಕೊಂಡು ಮೆಕ್ಕಾಕ್ಕೆ ಹೋದರು. ಅಲ್ಲಿ ಅವರು ಕಟ್ಟಿದ ಮದರಸಾಕ್ಕೆ ಹಣ ಕೊಟ್ಟದ್ದು ಕಲಕತ್ತೆಯ ಸೌಲತುನ್ನಿಸಾ ಎಂಬ ಹೆಣ್ಣುಮಗಳು. ಅದು ಇಂದಿಗೂ ಅವರ ಹೆಸರಿನಲ್ಲೇ, ಸೌಲತಿಯಾ ಮದರಸಾ ಎಂದೇ ಇದೆ. ರಹಮತುಲ್ಲಾ ಮತ್ತೆ ತಮ್ಮ ಊರಲ್ಲಿ ನೆಲೆಸಲು ಆಗಲೇ ಇಲ್ಲ. 1891ರಲ್ಲಿ ಮೆಕ್ಕಾದಲ್ಲೇ ತೀರಿಕೊಂಡರು.

ಸಂಗೀತದವರ ಕಥೆಯೂ ಊರು ಬಿಟ್ಟವರ ಕಥೆಯೇ. ಸಣ್ಣ ಊರಿನಲ್ಲಿ ಹಾಡಿನಿಂದ ಹೊಟ್ಟೆ ತುಂಬುವುದಿಲ್ಲ. ಆಸರೆ ಕೊಡುವ ಅರಸರನ್ನು ಹುಡುಕಿಕೊಂಡು ಹೋಗಲೇಬೇಕಿತ್ತು. ಅಬ್ದುಲ್ ಕರೀಂ ಖಾನ್ ಅವರು 1872ರಲ್ಲಿ ಕೈರಾನಾದಲ್ಲಿ ಹುಟ್ಟಿದರು. ಬರೋಡಾ, ಮುಂಬಯಿ, ಮೀರಜ್, ಪುಣೆ ಹೀಗೆ ತಿರುಗಿದರು. ಮೈಸೂರಿನ ದರ್ಬಾರಿನಿಂದ ಕರೆ ಬಂತು. ಅಲ್ಲಿ ಸುಮ್ನೆ ಹಾಡಿ, ಶಾಲು ಹೊದ್ದು ಬರಲಿಲ್ಲ. ಕರ್ನಾಟಕ ಸಂಗೀತವನ್ನು ಕಿವಿಗೊಟ್ಟು ಕೇಳಿದರು, ಕಲಿತರು. ಅವರ ಸರಗಮ್, ಅಂದರೆ ಸ್ವರಗಳ ಹೆಸರನ್ನೇ ಹೇಳುತ್ತಾ ಹಾಡುವ ಹಾಡುಗಾರಿಕೆಯಲ್ಲಿ ಆ ಪ್ರಭಾವ ಕಾಣುತ್ತದೆ. ತ್ಯಾಗರಾಜರ ಕೃತಿಯೊಂದನ್ನು ಹಾಡಿ ಗ್ರಾಮಫೋನ್ ಪ್ಲೇಟ್ ಕೂಡ ಮಾಡಿಸಿದರು.

ಮೈಸೂರಿಗೆ ಹೋಗಿಬರುವ ದಾರಿಯಲ್ಲೇ ನಮ್ಮ ಧಾರವಾಡ, ಕುಂದಗೋಳ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಖಾನ್ ಸಾಹೇಬರು ಉಳಿಯುತ್ತಿದ್ದರು. ಆ ಊರಿನ ರಾಮಭಾವು ಖಾನ್ ಸಾಹೇಬರ ಶಿಷ್ಯನಾದ. ಆ ರಾಮಭಾವು ಅವರೇ ಮುಂದೆ ಸವಾಯಿ ಗಂಧರ್ವರು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋದರು. ಗದಗದ ಹುಡುಗ ಭೀಮಸೇನ ಖಾನ್ ಸಾಹೇಬರ ಪ್ಲೇಟ್ ಕೇಳಿ, ಹಾಗೇ ಹಾಡಬೇಕೆಂದು ಮನೆ ಬಿಟ್ಟು ಓಡಿಹೋದ. ಗುರುವನ್ನು ಹುಡುಕುತ್ತಾ ಉತ್ತರ ಭಾರತವೆಲ್ಲ ಅಲೆದು, ಕೊನೆಗೆ ಬಂದದ್ದು ಕುಂದಗೋಳಕ್ಕೆ!

ಕೈರಾನಾದವರೇ ಆದ ಅಬ್ದುಲ್ ವಹೀದ್ ಖಾನ್ ಅವರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಇದು ನನಗೆ ಬೇಸರದ ಸಂಗತಿ. ಅವರಿಗೆ ಕಿವಿ ಮಂದ. ಆದರೂ ಒಂದೇ ರಾಗವನ್ನು ಒಂದೊಂದೇ ಸ್ವರವಾಗಿ, ಅವಸರವಿಲ್ಲದೆ, ತಾಸುಗಟ್ಟಲೆ ಬೆಳೆಸುತ್ತಿದ್ದರು. ಇವತ್ತು ನಾವು ಕೇಳುವ ಅತಿ ವಿಲಂಬಿತ, ಅಂದರೆ ತೀರಾ ನಿಧಾನ ಗತಿಯ ಖಯಾಲಿನಲ್ಲಿ ಅವರ ಪಾಲು ಬಹಳ ಜಾಸ್ತಿ.

ಈಚಿನ ವರ್ಷಗಳಲ್ಲಿ ಕೈರಾನಾ ಸುದ್ದಿಯಾಗುವುದು ಚುನಾವಣೆಯ ಜಗಳಗಳಿಂದ. 2013ರ ಮುಜಫ್ಫರನಗರದ ಗಲಭೆಯಲ್ಲಿ ಮನೆ ಕಳೆದುಕೊಂಡ ಎಷ್ಟೋ ಕುಟುಂಬಗಳು ಬಂದು ಟೆಂಟು ಹಾಕಿದ್ದು ಇದೇ ಊರಿನ ಸುತ್ತ. ಆ ಸುದ್ದಿ ಓದುವಾಗ ಇದು ಯಾವುದೋ ದೂರದ ಊರು ಎಂದು ನಾವು ಪುಟ ತಿರುಗಿಸಬಾರದಿತ್ತು ಎಂದು ನನಗೆ ಅನ್ನಿಸುತ್ತದೆ.

ಅಬ್ದುಲ್ ಕರೀಂ ಖಾನ್ ಸಾಹೇಬರು ಭೈರವಿ ರಾಗದಲ್ಲಿ ಹಾಡಿದ ಠುಮ್ರಿ (ಭಾವಪ್ರಧಾನ ಲಘು ಶಾಸ್ತ್ರೀಯ ಹಾಡು) ‘ಜಮುನಾ ಕೆ ತೀರ್’ ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಅದನ್ನು ಹಾಡುವ ಹೊತ್ತಿಗೆ ಅವರು ಆ ಯಮುನೆಯ ದಡ ಬಿಟ್ಟು ದಶಕಗಳೇ ಆಗಿದ್ದವು. 1937ರ ಅಕ್ಟೋಬರಿನಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಹಾಸಿಸಿಕೊಂಡು, ತಂಬೂರಿ ಶ್ರುತಿ ಮಾಡಿಸಿ, ದೇವರನ್ನು ನೆನೆಯುತ್ತಾ ಹಾಡಿದರು ಎನ್ನುತ್ತಾರೆ. ಅಲ್ಲೇ ಪ್ರಾಣ ಹೋಯಿತು. ಮಣ್ಣು ಮಾಡಿದ್ದು ಮೀರಜಿನ ದರ್ಗಾದ ಆವರಣದಲ್ಲಿ. ಅಲ್ಲಿ ಇವತ್ತಿಗೂ ಪ್ರತಿವರ್ಷ ಅವರ ನೆನಪಿಗೆ ಕಲಾವಿದರು ಸೇರಿ ಹಾಡುತ್ತಾರೆ. ನಮ್ಮ ಕಡೆಯವರೂ ಹೋಗುತ್ತಾರೆ.